ಎಲ್ಲರೂ ಹೊಗಳಿದ ಕಾದಂಬರಿ ನನಗೆ ಹಿಡಿಸಲಿಲ್ಲ, ನನ್ನ ಅಭಿರುಚಿಯೇ ಸರಿ ಇಲ್ವಾ?

ಪ್ರಶ್ನೆ: ನನಗೆ 46 ವರ್ಷ. ಒಂಬತ್ತು ಜನರ ಒಂದು ಓದುಗರ ಬಳಗದಲ್ಲಿದ್ದೇನೆ. ತಿಂಗಳಿಗೊಂದು ಕಾದಂಬರಿ ಓದಿ ಮಾತಾಡುತ್ತೇವೆ. ಕಳೆದ ತಿಂಗಳಿನದು ದೊಡ್ಡ ಪ್ರಶಸ್ತಿ ಪಡೆದ ಪುಸ್ತಕ, ಎಲ್ಲರೂ ಹೊಗಳಿದರು. ನಾನು 80ನೇ ಪುಟಕ್ಕೇ ನಿಲ್ಲಿಸಿದ್ದೆ. ಆದರೂ ತಲೆಯಾಡಿಸಿ ‘ಭಾಷೆ ತುಂಬಾ ಚೆನ್ನಾಗಿದೆ’ ಅಂದುಬಿಟ್ಟೆ. ನಿಜ ಹೇಳಬೇಕೆಂದರೆ ರಾತ್ರಿ ಮಲಗುವ ಮುಂಚೆ ನನಗೆ ಪತ್ತೇದಾರಿ ಕಾದಂಬರಿಯೇ ಬೇಕು. ಇನ್ನೊಂದು ಬೇಜಾರು: 20ರ ವಯಸ್ಸಿನಲ್ಲಿ ನನ್ನನ್ನು ಬಿಕ್ಕಿ ಬಿಕ್ಕಿ ಅಳಿಸಿದ ಪ್ರೇಮಕಥೆಯನ್ನು ಮೊನ್ನೆ ಮತ್ತೆ ಓದಿದೆ, ನಾಯಕನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಮಗಳಿಗೆ 13. ಮಾಂತ್ರಿಕರ ಸರಣಿಯೊಂದನ್ನು ಐದನೇ ಸಲ ಓದುತ್ತಿದ್ದಾಳೆ, ಬೇರೇನೂ ಮುಟ್ಟುವುದಿಲ್ಲ. ನಮ್ಮ ತಂದೆಗೆ 74. ಒಂದು ಕಾಲಕ್ಕೆ ಕಾದಂಬರಿ ಹುಚ್ಚು, ಈಗ ‘ಕಟ್ಟುಕಥೆ ಓದಿ ಏನಾಗಬೇಕಿದೆ’ ಅಂತಾರೆ. ನನ್ನ ಅಭಿರುಚಿ ಕೆಟ್ಟಿದೆಯಾ? ಬಳಗದಲ್ಲಿ ನಿಜವಾದ ಅಭಿಪ್ರಾಯ ಹೇಳುವುದು ಹೇಗೆ?

ಉತ್ತರ: ಮೊದಲು ಒಂದು ಗುಟ್ಟು ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಲೈಬ್ರರಿ ಕೌಂಟರಿನ ಹಿಂದೆ ಕೂತವಳು ನಾನು. ವಾಪಸ್ ಬಂದ ಪುಸ್ತಕವನ್ನು ಮುಚ್ಚಿ, ಹಾಳೆಗಳ ಅಂಚನ್ನು ಬೆಳಕಿಗೆ ಹಿಡಿದರೆ ಸಾಕು, ಜನ ಎಲ್ಲಿವರೆಗೆ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಬೆರಳು ತಾಗಿ ತಾಗಿ ಮಾಸಿದ ಅಂಚು ಒಂದಷ್ಟು ದೂರ, ಆಮೇಲೆ ತಂದ ದಿನದಷ್ಟೇ ಬಿಳಿ. ಪ್ರಶಸ್ತಿ ಬಂದ ದಪ್ಪ ಕಾದಂಬರಿಗಳಲ್ಲಿ ಈ ಗಡಿ 60ರಿಂದ 90ನೇ ಪುಟದ ನಡುವೆ ಬರುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಪತ್ತೇದಾರಿ ಕಾದಂಬರಿಗಳಲ್ಲಿ ಗಡಿಯೇ ಇರುವುದಿಲ್ಲ. ಇಡೀ ಪುಸ್ತಕ ಒಂದೇ ಸಮ ಮಾಸಿರುತ್ತದೆ, ಕೊನೆಯ ಹತ್ತು ಪುಟ ಒಂಚೂರು ಜಾಸ್ತಿ. ಹಾಗಾಗಿ ನಿಮ್ಮ ಒಂಬತ್ತು ಜನರಲ್ಲಿ ಅರ್ಧಕ್ಕೆ ನಿಂತವರು ನೀವೊಬ್ಬರೇ ಅಂದರೆ ನಾನು ನಂಬುವುದಿಲ್ಲ. ಇನ್ನೂ ಒಬ್ಬರೋ ಇಬ್ಬರೋ ‘ಭಾಷೆ ಚೆನ್ನಾಗಿದೆ’ ಅಂದಿರುತ್ತಾರೆ ನೋಡಿ. ಓದದೆ ಹೊಗಳುವುದಕ್ಕೆ ಅದಕ್ಕಿಂತ ಸುರಕ್ಷಿತವಾದ ಮಾತು ಇನ್ನೊಂದಿಲ್ಲ.

ನಿಮ್ಮ ಪತ್ರದಲ್ಲಿ ನಾಲ್ಕು ವಿಷಯ ಇವೆ: ನೀವು, ನಿಮ್ಮ ಹಳೆಯ ಪ್ರೇಮಕಥೆ, ಮಗಳು, ತಂದೆ. ಆದರೆ ಚಿಂತೆ ಒಂದೇ. ಒಂದು ಕಥೆ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿದ್ದರೆ ಇಬ್ಬರಲ್ಲಿ ಒಬ್ಬರು ತಪ್ಪು ಅನ್ನುವ ಭಯ ಅದು. ‘ನನಗೆ ಹಿಡಿಸಲಿಲ್ಲ’ ಮತ್ತು ‘ಇದು ಚೆನ್ನಾಗಿಲ್ಲ’ ಎರಡು ಬೇರೆ ಬೇರೆ ಮಾತು. ಮೊದಲನೆಯದು ನಿಮ್ಮ ಬಗ್ಗೆ. ಎರಡನೆಯದು ಪುಸ್ತಕದ ಬಗ್ಗೆ. ನಾವು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಜಗಳವಾಗುವುದು ಅಲ್ಲೇ.

ವಯಸ್ಸಿನ ವಿಷಯ ಮೊದಲು ತಗೋತೀನಿ, ಯಾಕೆಂದರೆ ನಿಮ್ಮ ಮನೆಯಲ್ಲಿ ಮೂರು ತಲೆಮಾರು ಮೂರು ದಿಕ್ಕಿಗೆ ಓದುತ್ತಿದೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಬಗ್ಗೆ ಒಂದು ಪ್ರಬಂಧ ಬರೆದ. ಆಗ ಅವನಿಗೂ ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು. ಹಳೆಯ ರೋಮಿನವರಲ್ಲಿ, ಇಪ್ಪತ್ತರಲ್ಲಿ ಪ್ರೇಮದ ಕವಿ ಓವಿಡ್ ಪ್ರಿಯನಾದರೆ ನಲವತ್ತರಲ್ಲಿ ಬದುಕಿನ ವಿವೇಕ ಹೇಳುವ ಕವಿ ಹೊರೇಸ್, ಐವತ್ತರಲ್ಲಿ ಬಹುಶಃ ಇತಿಹಾಸಕಾರ ಟ್ಯಾಸಿಟಸ್ ಅಂತ ಅವನ ಅಂದಾಜು. ಗೆಳೆಯರನ್ನು ಆರಿಸಿಕೊಳ್ಳುವ ಹಾಗೇ ಲೇಖಕರನ್ನೂ ನಮ್ಮ ಸ್ವಭಾವಕ್ಕೆ ಹೊಂದುವಂತೆ ಆರಿಸಿಕೊಳ್ಳುತ್ತೇವೆ ಅಂತಲೂ ಹೇಳಿದ್ದಾನೆ. ನಿಮ್ಮ ಪ್ರೇಮಕಥೆ, ನಿಮ್ಮ ತಂದೆಯ ‘ಕಟ್ಟುಕಥೆ ಯಾಕೆ’ ಎರಡೂ ಈ ಒಂದು ಸಾಲಿನಲ್ಲಿ ಬಂದುಬಿಡುತ್ತವೆ, ಅಲ್ವಾ?

ಇದನ್ನೇ ಇನ್ನಷ್ಟು ಬಿಡಿಸಿ ಹೇಳಿದವರು ಅಮೆರಿಕದ ಇಂಗ್ಲಿಷ್ ಪ್ರಾಧ್ಯಾಪಕ ಜೆ. ಎ. ಆಪಲ್‌ಯಾರ್ಡ್. ಅವರ 1990ರ ಪುಸ್ತಕ ಬಾಲ್ಯದಿಂದ ದೊಡ್ಡವರಾಗುವವರೆಗೆ ಕಥೆ ಓದುವವರ ಐದು ಪಾತ್ರಗಳನ್ನು ಗುರುತಿಸುತ್ತದೆ. ಪುಟ್ಟ ಮಗು ಕಥೆಯ ಜೊತೆ ಆಟವಾಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಓದುಗನೇ ನಾಯಕ, ಓದುಗಳೇ ನಾಯಕಿ. ಹದಿಹರೆಯದಲ್ಲಿ ಕಥೆ ಒಂದು ಯೋಚನೆ: ಬದುಕು ಅಂದರೇನು, ನಾನು ಯಾರ ಹಾಗೆ ಇರಬೇಕು, ಈ ಪಾತ್ರ ಮಾಡಿದ್ದು ಸರಿಯಾ. ಕಾಲೇಜಿಗೆ ಬಂದು ಸಾಹಿತ್ಯ ಅಭ್ಯಾಸ ಮಾಡುವಾಗ ವ್ಯಾಖ್ಯಾನ ಶುರು. ದೊಡ್ಡವರಾದ ಮೇಲೆ ನಾವು ಇವಿಷ್ಟನ್ನೂ ಬೇಕಾದಾಗ ಬೇಕಾದಂತೆ ಬಳಸಿಕೊಳ್ಳುತ್ತೇವೆ. ಒಂದು ದಿನ ಸುಮ್ನೆ ತಪ್ಪಿಸಿಕೊಳ್ಳೋಕೆ, ಒಂದು ದಿನ ಏನೋ ತಿಳಿದುಕೊಳ್ಳೋಕೆ, ಒಂದು ದಿನ ಒಂದು ಒಳ್ಳೆ ವಾಕ್ಯಕ್ಕೆ. ಇದರಲ್ಲಿ ಯಾವುದೂ ಕೀಳಲ್ಲ. ಬಳಗದಲ್ಲಿ ಕೂತಾಗ ಮಾತ್ರ ನಾಲ್ಕನೆಯದಾದ ವ್ಯಾಖ್ಯಾನವೊಂದೇ ‘ನಿಜವಾದ ಓದು’ ಅಂತ ಎಲ್ಲರೂ ನಟಿಸುತ್ತೇವೆ.

ಹಾಗಾದರೆ ನಿಮ್ಮನ್ನು ಅಳಿಸಿದ ಪ್ರೇಮಕಥೆಗೆ ಏನಾಯಿತು? ಪುಸ್ತಕಕ್ಕೆ ಏನೂ ಆಗಿಲ್ಲ. 20ರಲ್ಲಿ ನೀವು ನಾಯಕಿಯ ಪಕ್ಕ ನಿಂತು ಓದಿದ್ದಿರಿ. ಅವನು ಮೂರು ವರ್ಷ ಕಾಗದ ಬರೆಯದೇ ಇದ್ದರೂ ‘ಪಾಪ, ಎಷ್ಟು ಸಂಕಟವೋ’ ಅನ್ನಿಸಿರುತ್ತದೆ. 46ರಲ್ಲಿ ನೀವು ಆ ನಾಯಕಿಯ ತಾಯಿಯ ಪಕ್ಕ ನಿಂತು ಓದುತ್ತಿದ್ದೀರಿ. ಕಾಗದ ಬರೆಯದವನನ್ನು ಕಂಡರೆ ತಾಯಂದಿರಿಗೆ ಏನನ್ನಿಸುತ್ತದೆ ಅಂತ ನಾನು ಹೇಳಬೇಕಾ? (ಕಾಗದದ ವಿಷಯ ನನ್ನ ಕಲ್ಪನೆ, ನಿಮ್ಮ ಪುಸ್ತಕ ಯಾವುದೋ ನನಗೆ ಗೊತ್ತಿಲ್ಲ. ಆದರೆ ಇಂಥದ್ದೇ ಏನೋ ಇರುತ್ತದೆ.) ಆಗಿನ ಅಳು ಸುಳ್ಳಲ್ಲ, ಈಗಿನ ಸಿಟ್ಟೂ ಸುಳ್ಳಲ್ಲ. ಎರಡೂ ನಿಮ್ಮ ಅಭಿಪ್ರಾಯಗಳೇ. ನನ್ನ ಕೇಳಿದರೆ, ಹಳೆಯ ಪುಸ್ತಕ ಮತ್ತೆ ಓದುವಾಗ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ವರ್ಷ ಮತ್ತು ಒಂದು ಸಾಲು ಬರೆದಿಡಿ, ಲೈಬ್ರರಿಯ ಪುಸ್ತಕದಲ್ಲಿ ಬೇಡ ದಯವಿಟ್ಟು. ನನ್ನದೊಂದು ಪುಸ್ತಕದಲ್ಲಿ ಇಂಥ ನಾಲ್ಕು ಸಾಲು ಇವೆ. ಎರಡನೆಯದು ಮೊದಲನೆಯದನ್ನು ಬೈಯುತ್ತದೆ, ನಾಲ್ಕನೆಯದು ಎರಡನೆಯದನ್ನು.

ಈಗ ಪತ್ತೇದಾರಿ. ಇಲ್ಲಿ ಒಂದು ಹಳೆಯ ನಂಬಿಕೆ ಇದೆ: ಗಂಭೀರ ಕಾದಂಬರಿ ಓದಿದರೆ ಮನಸ್ಸು ಬೆಳೆಯುತ್ತದೆ, ಪತ್ತೇದಾರಿ, ಹಾರರ್, ಪ್ರೇಮಕಥೆ ಎಲ್ಲ ಟೈಂಪಾಸ್ ಅಂತ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಪುಷ್ಟಿ ಕೊಟ್ಟಿತು. ಗಂಭೀರ ಕಥೆಯ ಕೆಲವು ಪುಟ ಓದಿದವರು, ಬರೀ ಕಣ್ಣಿನ ಫೋಟೋ ನೋಡಿ ಆ ವ್ಯಕ್ತಿಯ ಭಾವನೆ ಗುರುತಿಸುವ ಪರೀಕ್ಷೆಯಲ್ಲಿ ಜನಪ್ರಿಯ ಕಥೆ ಓದಿದವರಿಗಿಂತ ಚೆನ್ನಾಗಿ ಮಾಡಿದರು ಅಂತ ಅದು ಹೇಳಿತು. ಸುದ್ದಿ ಎಲ್ಲಾ ಕಡೆ ಓಡಾಡಿತು. ಆದರೆ 2016ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗ ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ, ಆ ಸುದ್ದಿ ಮಾತ್ರ ಅಷ್ಟು ಓಡಾಡಲಿಲ್ಲ. ವರ್ಷಗಟ್ಟಲೆ ಕಥೆ ಓದುವವರಿಗೂ ಇನ್ನೊಬ್ಬರ ಮನಸ್ಸು ಅರ್ಥ ಮಾಡಿಕೊಳ್ಳುವುದಕ್ಕೂ ಸಂಬಂಧ ಕಂಡಿರುವ ಅಧ್ಯಯನಗಳು ಇವೆ. ಆದರೆ ಓದಿದ್ದರಿಂದ ಹಾಗಾದರೋ, ಹಾಗಿರುವವರೇ ಓದಿಗೆ ಬರುತ್ತಾರೋ, ಬಿಡಿಸಿ ಹೇಳುವುದು ಕಷ್ಟ. ಒಟ್ಟಿನಲ್ಲಿ ಪತ್ತೇದಾರಿ ಓದಿದ್ದಕ್ಕೆ ನಿಮ್ಮ ಮನಸ್ಸು ಕುಗ್ಗಿಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬರೆದವರ ಲೆಕ್ಕಾಚಾರವೇ ಕೆಲವು ಸಲ ತಲೆಕೆಳಗಾಗುತ್ತದೆ. ಆರ್ಥರ್ ಕಾನನ್ ಡಾಯ್ಲ್‌ಗೆ ತನ್ನ ಐತಿಹಾಸಿಕ ಕಾದಂಬರಿಗಳೇ ದೊಡ್ಡ ಕೆಲಸ ಅನ್ನಿಸಿತ್ತು. ಷರ್ಲಾಕ್ ಹೋಮ್ಸ್‌ನ ಕಾಟ ಸಾಕಾಗಿ 1893ರಲ್ಲಿ ಅವನನ್ನು ಜಲಪಾತಕ್ಕೆ ಬೀಳಿಸಿ ಕೊಂದೇಬಿಟ್ಟ. ಓದುಗರು ಸುಮ್ಮನಿರಲಿಲ್ಲ. 1903ರಲ್ಲಿ ಹೋಮ್ಸ್ ಬದುಕಿ ಬಂದ. ಇನ್ನೊಂದು ಕಡೆ, ಹರ್ಮನ್ ಮೆಲ್ವಿಲ್ 1851ರಲ್ಲಿ ಬರೆದ ತಿಮಿಂಗಿಲದ ಕಾದಂಬರಿ ಆಗಿನವರಿಗೆ ಅಷ್ಟಾಗಿ ಹಿಡಿಸಲಿಲ್ಲ. 1891ರಲ್ಲಿ ಅವನು ತೀರಿಕೊಂಡಾಗ ಜನ ಅವನನ್ನು ಹೆಚ್ಚುಕಮ್ಮಿ ಮರೆತೇಬಿಟ್ಟಿದ್ದರು. ಅದನ್ನು ಮಹಾಕೃತಿ ಅಂತ ಮೇಲೆತ್ತಿದ್ದು 1920ರ ದಶಕದವರು. ‘ಎಲ್ಲರೂ ಒಪ್ಪಿದ’ ಅಭಿಪ್ರಾಯಕ್ಕೂ ವಯಸ್ಸಿರುತ್ತದೆ.

ಎಲ್ಲರೂ ಹೊಗಳಿದರು ಅಂದಿರಲ್ಲ, ಆ ಹೊಗಳಿಕೆ ಹೇಗೆ ಹುಟ್ಟುತ್ತದೆ ಅಂತ ತೋರಿಸುವ ಒಂದು ಪ್ರಯೋಗ ಇದೆ, ಪುಸ್ತಕದ್ದಲ್ಲ, ಹಾಡಿನದು. 2006ರಲ್ಲಿ ಪ್ರಕಟವಾಯಿತು. 14,000ಕ್ಕೂ ಜಾಸ್ತಿ ಜನರಿಗೆ ಅವರು ಕೇಳಿರದ 48 ಹಾಡುಗಳನ್ನು ಕೊಟ್ಟರು. ಕೆಲವರಿಗೆ ಹಾಡು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಅಂತ ತೋರಿಸಿದರು. ಎಂಟು ಗುಂಪಿನಲ್ಲಿ ಹಿಟ್ ಆದ ಹಾಡುಗಳು ಬೇರೆ ಬೇರೆ! ತೀರಾ ಒಳ್ಳೆಯ ಹಾಡು ತಳಕ್ಕೆ ಹೋಗುವುದು ಅಪರೂಪ, ತೀರಾ ಕಳಪೆ ಮೇಲೆ ಬರುವುದೂ ಅಪರೂಪ, ನಡುವಿನದೆಲ್ಲ ಯಾರು ಮೊದಲು ಕೈಯೆತ್ತಿದರು ಅನ್ನುವುದರ ಮೇಲೆ ನಿಂತಿತ್ತು. ಬಳಗದಲ್ಲಿ ಮೊದಲು ಮಾತಾಡುವವರು ಯಾರು ಅಂತ ಮುಂದಿನ ಸಲ ಗಮನಿಸಿ. ನಾನು ಒಂದು ಬಳಗ ನಡೆಸುತ್ತಿದ್ದಾಗ ಮೊದಲ ಮಾತು ಯಾವಾಗಲೂ ಒಬ್ಬ ನಿವೃತ್ತ ಮೇಷ್ಟ್ರದ್ದು. ಅವರು ‘ಅದ್ಭುತ’ ಅಂದರೆ ಅವತ್ತು ಅದ್ಭುತ, ‘ಜಾಳು’ ಅಂದರೆ ಜಾಳು. ಒಂದು ತಿಂಗಳು ಎಲ್ಲರಿಗೂ ಚೀಟಿ ಕೊಟ್ಟು, ಮಾತು ಶುರುವಾಗುವ ಮೊದಲೇ ತಮಗೆ ಪುಸ್ತಕ ಎಲ್ಲಿ ಹಿಡಿಸಿತು, ಎಲ್ಲಿ ಜಗ್ಗಿತು ಅಂತ ಬರೆಯಲು ಹೇಳಿದೆ. ಹನ್ನೊಂದು ಚೀಟಿಯಲ್ಲಿ ಆರರಲ್ಲಿ ‘ಮುಗಿಸಿಲ್ಲ’ ಅಂತಿತ್ತು. ಆರರಲ್ಲಿ ಒಂದು ಮೇಷ್ಟ್ರದ್ದೇ.

ಇದರ ಇನ್ನೊಂದು ತುದಿಯೂ ಸರಿಯಲ್ಲ. ‘ಅಭಿಪ್ರಾಯ ತಾನೇ, ಅವರವರದ್ದು ಅವರವರಿಗೆ’ ಅಂದು ಕೈ ತೊಳೆದುಕೊಳ್ಳುವುದು. ಹಿಡಿಸಲಿಲ್ಲ ಅನ್ನುವುದು ತಪ್ಪಾಗಲಾರದು, ಅದಕ್ಕೆ ಕೊಡುವ ಕಾರಣ ತಪ್ಪಾಗಬಹುದು. ಅದೇ ಬಳಗದಲ್ಲಿ ಒಬ್ಬಾಕೆ, ನಾಯಕನಿಗೆ ಪಶ್ಚಾತ್ತಾಪವೇ ಇಲ್ಲ, ಅದಕ್ಕೇ ಪುಸ್ತಕ ಕೆಟ್ಟದ್ದು ಅಂತ ಒಂದು ಗಂಟೆ ವಾದ ಮಾಡಿದರು. ಪಶ್ಚಾತ್ತಾಪ ಇದ್ದದ್ದು ಅವರು ಹಾರಿಸಿದ ಅಧ್ಯಾಯದಲ್ಲಿ. ಅಧ್ಯಾಯ ಹಾರಿಸುವುದಕ್ಕೆ ನನ್ನ ಅಡ್ಡಿಯಿಲ್ಲ, ನಾನೂ ಯುದ್ಧದ ವರ್ಣನೆ ಎಲ್ಲ ಹಾರಿಸುತ್ತೇನೆ. ಹಾರಿಸಿದ್ದೇನೆ ಅಂತ ಹೇಳಿ ಮಾತಾಡಬೇಕು, ಅಷ್ಟೇ.

ನಿಮ್ಮ 80ನೇ ಪುಟಕ್ಕೆ ಬರೋಣ. ನಮ್ಮ ವೃತ್ತಿಯಲ್ಲಿ ಹೆಸರುವಾಸಿಯಾದ ನ್ಯಾನ್ಸಿ ಪರ್ಲ್ ಅಂತ ಅಮೆರಿಕದ ಗ್ರಂಥಪಾಲಕಿ ಒಬ್ಬರಿದ್ದಾರೆ. ಅವರದ್ದೊಂದು ಸೂತ್ರ: ವಯಸ್ಸು 50 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 50 ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ. 50 ದಾಟಿದವರು 100ರಿಂದ ವಯಸ್ಸು ಕಳೆದು ಅಷ್ಟು ಪುಟ ಓದಿದರೆ ಸಾಕು, ಯಾಕೆಂದರೆ ಉಳಿದಿರುವ ಸಮಯ ಕಡಿಮೆ. ಈ ಲೆಕ್ಕದಲ್ಲಿ ನೀವು 30 ಪುಟ ಜಾಸ್ತಿಯೇ ಓದಿದ್ದೀರಿ. ನಿಮ್ಮ ತಂದೆಗೆ 26 ಪುಟ ಸಾಕು. ಸೂತ್ರದಲ್ಲಿ ಅಪಾಯ ಇಲ್ಲ ಅಂತಲ್ಲ. ಕೆಲವು ಕಾದಂಬರಿ 100 ಪುಟದ ನಂತರವೇ ಬಾಗಿಲು ತೆರೆಯುತ್ತವೆ. ಅಂಥ ಒಂದೆರಡು ಕೈತಪ್ಪುತ್ತವೆ. ತಪ್ಪಲಿ. ಬೈದುಕೊಂಡು 400 ಪುಟ ಮುಗಿಸಿದವರು ಆಮೇಲೆ ಎರಡು ತಿಂಗಳು ಯಾವ ಪುಸ್ತಕವನ್ನೂ ಮುಟ್ಟದೇ ಇದ್ದದ್ದನ್ನು ನಾನು ಕೌಂಟರಿನಲ್ಲಿ ನೋಡಿದ್ದೇನೆ.

ಬಾಗಿಲು ಅಂದೆನಲ್ಲ, ಅದೂ ಪರ್ಲ್ ಅವರದ್ದೇ ಮಾತು, ನನಗೆ ಕೆಲಸದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಕಾದಂಬರಿಗೆ ನಾಲ್ಕು ಬಾಗಿಲು: ಕಥೆ, ಪಾತ್ರ, ಸ್ಥಳ, ಭಾಷೆ. ಒಂದೊಂದು ಪುಸ್ತಕದಲ್ಲಿ ಒಂದು ಬಾಗಿಲು ದೊಡ್ಡದಿರುತ್ತದೆ. ಓದುಗರಿಗೂ ಒಂದು ಬಾಗಿಲು ರೂಢಿಯಾಗಿರುತ್ತದೆ. ನಿಮ್ಮದು ಕಥೆಯ ಬಾಗಿಲು ಅಂತ ಕಾಣುತ್ತದೆ, ಮುಂದೇನಾಯಿತು ಅನ್ನುವುದು ಬೇಕು. ಆ ಪ್ರಶಸ್ತಿಯ ಪುಸ್ತಕಕ್ಕೆ ಬಹುಶಃ ಭಾಷೆಯ ಬಾಗಿಲು ದೊಡ್ಡದು, ಕಥೆಯದು ಕಿಂಡಿ. ನೀವು ಆ ಕಿಂಡಿಯ ಮುಂದೆ 80 ಪುಟ ನಿಂತು ವಾಪಸ್ ಬಂದಿದ್ದೀರಿ. ಇದರಲ್ಲಿ ಪುಸ್ತಕದ ತಪ್ಪೂ ಇಲ್ಲ, ನಿಮ್ಮದೂ ಇಲ್ಲ. ಯಾರಾದರೂ ಬಂದು ‘ಒಳ್ಳೆ ಪುಸ್ತಕ ಕೊಡಿ ಮೇಡಂ’ ಅಂದಾಗ ನಾನು ಯಾವ ಪ್ರಕಾರ ಬೇಕು ಅಂತ ಕೇಳುತ್ತಿರಲಿಲ್ಲ. ಕೊನೆಯ ಸಲ ನಿದ್ದೆ ಕೆಡಿಸಿದ ಪುಸ್ತಕ ಯಾವುದು, ಅದರಲ್ಲಿ ಏನು ನೆನಪಿದೆ ಅಂತ ಕೇಳುತ್ತಿದ್ದೆ. ಒಬ್ಬರು ಕೊಲೆ ಹೇಗಾಯಿತು ಅಂತ ಹೇಳುತ್ತಾರೆ. ಇನ್ನೊಬ್ಬರು, ಅದೇ ಪುಸ್ತಕ ಓದಿ, ಆ ಮುದುಕ ಪೊಲೀಸಿನವನ ಒಂಟಿತನ ಹೇಳುತ್ತಾರೆ. ಇಬ್ಬರಿಗೂ ಪತ್ತೇದಾರಿ ಇಷ್ಟ ಅಂತ ಒಂದೇ ಕಪಾಟು ತೋರಿಸಿದರೆ ಎರಡನೆಯವರಿಗೆ ಮೋಸ.

ಬಳಗದಲ್ಲಿ ಏನು ಮಾಡಬಹುದು? ಈಗ ಮಾಡಿದ ಹಾಗೆ ತಲೆಯಾಡಿಸುತ್ತಾ ಇರಬಹುದು. ಜಗಳ ಇಲ್ಲ, ಆದರೆ ಮುಂದಿನ ತಿಂಗಳು ಅಂಥದ್ದೇ ಪುಸ್ತಕ ಬರುತ್ತದೆ, ಅದರ ಮುಂದಿನ ತಿಂಗಳು ನೀವೇ ಹೋಗುವುದು ಬಿಡುತ್ತೀರಿ. ಬಳಗಗಳು ಒಡೆಯುವುದು ಜಗಳದಿಂದಲ್ಲ, ಹೀಗೆ ಒಬ್ಬೊಬ್ಬರೇ ಜಾರಿಕೊಂಡು. ಇಲ್ಲವೇ ನೇರವಾಗಿ ‘ಬೋರು’ ಅನ್ನಬಹುದು. ಎದೆ ಹಗುರಾಗುತ್ತದೆ, ಆದರೆ ಆ ಪುಸ್ತಕ ಆರಿಸಿದವರು ಕೂತಲ್ಲೇ ಗಟ್ಟಿಯಾಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಬೋರು ಅನ್ನುವುದಕ್ಕೆ ಯಾರಾದರೂ ಏನು ಉತ್ತರ ಕೊಡಲು ಸಾಧ್ಯ? ನಾನು ಹೇಳಿಕೊಡುವುದು ಇದು: ಎಲ್ಲಿ ನಿಂತಿರಿ, ಆಗ ಏನು ನಡೆಯುತ್ತಿತ್ತು, ನಿಮಗೆ ಏನು ಬೇಕಾಗಿತ್ತು ಅಂತ ಹೇಳಿ. ‘ನಾನು 80ನೇ ಪುಟದಲ್ಲಿ ನಿಂತೆ. ಅಲ್ಲಿಯವರೆಗೂ ನಾಯಕಿ ಕಿಟಕಿಯ ಪಕ್ಕವೇ ಕೂತಿದ್ದಾಳೆ, ಎದ್ದು ಹೋಗಲಿ ಅಂತ ಕಾದೆ. ಮುಂದೆ ಎದ್ದು ಹೋಗ್ತಾಳಾ?’ ಇಷ್ಟು ಸಾಕು. ಈಗ ಇಷ್ಟಪಟ್ಟವರಿಗೆ ಹೇಳಲು ಏನೋ ಸಿಗುತ್ತದೆ. ಇದರಲ್ಲೂ ರಿಸ್ಕ್ ಇದೆ. ‘ಅಯ್ಯೋ, ಪೂರ್ತಿ ಓದದೆ ಮಾತಾಡ್ತೀರಾ’ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಇರಲಿ ಬಿಡಿ. ನಿಮಗೆ ಧೈರ್ಯ ಇದ್ದರೆ ಮುಂದಿನ ಸರದಿಯಲ್ಲಿ ಒಂದು ಒಳ್ಳೆಯ ಪತ್ತೇದಾರಿಯನ್ನೇ ಆರಿಸಿ. ಹೊಗಳಿದ ಎಂಟು ಜನರಲ್ಲಿ ಎಷ್ಟು ಮಂದಿ ಕೊನೆ ಪುಟ ಮುಟ್ಟುತ್ತಾರೆ ಅಂತ ನನಗೂ ಕುತೂಹಲ ಇದೆ.

ಮಗಳ ವಿಷಯದಲ್ಲಿ ನೀವು ಮಾಡಬೇಕಾದ್ದು ತೀರಾ ಕಡಿಮೆ. ಐದು ಸಲ ಅನ್ನುವುದು ಏನೂ ಅಲ್ಲ, ನಾನು ಒಂದೇ ಪುಸ್ತಕಕ್ಕೆ ಒಬ್ಬನ ಹೆಸರನ್ನೇ ಹದಿಮೂರು ಸಲ ಬರೆದಿದ್ದೇನೆ. ಕೊನೆ ಗೊತ್ತಿದ್ದೂ ಯಾಕೆ ಓದುತ್ತಾರೆ ಅಂತ ದೊಡ್ಡವರಿಗೆ ಆಶ್ಚರ್ಯ. 2011ರಲ್ಲಿ ಇಬ್ಬರು ಸಂಶೋಧಕರು 12 ಸಣ್ಣಕಥೆ ಇಟ್ಟುಕೊಂಡು, ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಓದಿಸಿದರು. ಕೊನೆ ಗೊತ್ತಿದ್ದವರು ಸಾಮಾನ್ಯವಾಗಿ ಕಥೆಯನ್ನು ಜಾಸ್ತಿ ಮೆಚ್ಚಿದರು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಉಲ್ಟಾ ಬಂದಿದೆ, ಹಾಗಾಗಿ ಇದನ್ನೇ ಕಟ್ಟಕಡೆಯ ಮಾತು ಅನ್ನಲ್ಲ. ಆದರೆ ಕೊನೆ ಗೊತ್ತಿದ್ದ ಮಾತ್ರಕ್ಕೆ ಕಥೆ ಸತ್ತುಹೋಗುವುದಿಲ್ಲ ಅನ್ನುವುದಂತೂ ಮತ್ತೆ ಮತ್ತೆ ಓದುವ ಮಕ್ಕಳನ್ನು ನೋಡಿದರೇ ಗೊತ್ತಾಗುತ್ತದೆ. 13 ಅಂದರೆ ಆ ಪಾತ್ರಗಳ ಜೊತೆ ತನ್ನನ್ನು ತೂಗಿ ನೋಡಿಕೊಳ್ಳುವ ವಯಸ್ಸು. ಗೆಳತಿಯರು ಬದಲಾಗುತ್ತಿರುತ್ತಾರೆ, ಮೈ ಬದಲಾಗುತ್ತಿರುತ್ತದೆ, ಆ ಸರಣಿ ಮಾತ್ರ ಇಟ್ಟಲ್ಲೇ ಇರುತ್ತದೆ. ಕಿತ್ತುಕೊಂಡು ‘ಇದನ್ನ ಓದು’ ಅಂತ ಶ್ರೇಷ್ಠ ಸಾಹಿತ್ಯ ಕೈಗಿಟ್ಟ ತಾಯ್ತಂದೆಯರನ್ನು ತುಂಬಾ ನೋಡಿದ್ದೇನೆ. ಮಕ್ಕಳು ಅದನ್ನೂ ಓದಲಿಲ್ಲ, ಇದನ್ನೂ ಬಿಟ್ಟರು. ಅವಳ ಬಾಗಿಲು ಯಾವುದು ಅಂತ ನೋಡಿ. ಮಂತ್ರ ಇಷ್ಟವಾ, ಅದರೊಳಗಿನ ಸ್ನೇಹಿತರು ಇಷ್ಟವಾ, ಆ ಲೋಕ ಇಷ್ಟವಾ? ಸ್ನೇಹಿತರು ಅಂದರೆ ಸ್ನೇಹದ ಬಗ್ಗೆ ಇರುವ ಬೇರೆ ಪುಸ್ತಕ ತಂದು ಅವಳ ಕಣ್ಣಿಗೆ ಬೀಳುವ ಕಡೆ ಇಡಿ, ಓದು ಅಂತ ಹೇಳಬೇಡಿ. ಊಟ, ನಿದ್ದೆ, ಗೆಳೆತನ ಬಿಟ್ಟು ಅದರಲ್ಲೇ ಮುಳುಗಿದ್ದಾಳೆ ಅಂದರೆ ಚಿಂತೆ ಮಾಡಿ, ಆದರೆ ಆಗಲೂ ಚಿಂತೆ ಪುಸ್ತಕದ್ದಲ್ಲ, ಅವಳು ಯಾವುದರಿಂದ ಅಡಗಿ ಕೂತಿದ್ದಾಳೆ ಅನ್ನುವುದರದ್ದು.

ತಂದೆಯವರ ಬಗ್ಗೆ ಒಂದು ಮಾತು ಕೇಳಲೇಬೇಕು. ಅವರಿಗೆ ಕಟ್ಟುಕಥೆ ಬೇಡವೋ, ಅಥವಾ ಸಣ್ಣ ಅಕ್ಷರ ಬೇಡವೋ? ಕಾದಂಬರಿ ಬಿಟ್ಟೆ ಅನ್ನುವ ಹಿರಿಯರಲ್ಲಿ ಎಷ್ಟೋ ಜನ ಬಿಟ್ಟಿರುವುದು ಕಣ್ಣಿನ ಕಾರಣಕ್ಕೆ, ಇಲ್ಲ ಮೂವತ್ತು ಪಾತ್ರಗಳ ಹೆಸರು ನೆನಪಿಟ್ಟುಕೊಳ್ಳುವುದು ಸುಸ್ತು ಅನ್ನುವ ಕಾರಣಕ್ಕೆ. ಹಾಗಂತ ಬಾಯಿಬಿಟ್ಟು ಹೇಳುವುದು ಮುಜುಗರ, ಅದಕ್ಕೆ ‘ಕಟ್ಟುಕಥೆ ಯಾಕೆ’ ಅಂತಾರೆ. ಕನ್ನಡಕ ಎಷ್ಟು ಹಳೆಯದು ಅಂತ ನೋಡಿ, ದೀಪ ಅವರ ಹೆಗಲ ಹಿಂದಿನಿಂದ ಬೀಳುವ ಹಾಗೆ ಇಡಿ, ದಪ್ಪ ಅಕ್ಷರದ ಒಂದು ಕಥಾಸಂಕಲನ ಕೊಟ್ಟು ನೋಡಿ, ಅಥವಾ ಆಡಿಯೋ ಪುಸ್ತಕ. ಇಷ್ಟಾದರೂ ಬೇಡ ಅಂದರೆ ನಿಜಕ್ಕೂ ಬೇಡ ಅಂತ. ಹ್ಯೂಮ್ ಹೇಳಿದ ಹಾಗೆ ಅವರು ಇತಿಹಾಸದ ಕಡೆ ಹೊರಟಿದ್ದಾರೆ, ಒಂದು ಒಳ್ಳೆಯ ಆತ್ಮಕಥೆ ಹುಡುಕಿ ಕೊಡಿ.

ಇನ್ನು ನಿಮ್ಮ ರಾತ್ರಿಯ ಪತ್ತೇದಾರಿ. ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ, ಉತ್ತರ ನನಗೆ ಬರೆಯಬೇಕಾಗಿಲ್ಲ. ಅದು ಇಷ್ಟ ಅಂತ ಓದುತ್ತಿದ್ದೀರಾ, ಅಥವಾ ದಿನವೆಲ್ಲ ದುಡಿದು ಬೇರೆ ಯಾವುದಕ್ಕೂ ತಲೆ ಓಡುತ್ತಿಲ್ಲ ಅಂತಲಾ? ಇಷ್ಟ ಅಂತಾದರೆ ಮಾತೇ ಇಲ್ಲ. ಸುಸ್ತು ಅಂತಾದರೆ ಆ ಪ್ರಶಸ್ತಿಯ ಕಾದಂಬರಿಯನ್ನು ಯಾವುದಾದರೂ ರಜಾದಿನ ಬೆಳಗ್ಗೆ, ತಲೆ ತಾಜಾ ಇದ್ದಾಗ, 81ನೇ ಪುಟದಿಂದ ಒಂದು ಇಪ್ಪತ್ತು ಪುಟ ಓದಿ ನೋಡಿ. ಆಗಲೂ ಅವಳು ಕಿಟಕಿಯ ಪಕ್ಕವೇ ಕೂತಿದ್ದರೆ ವಾಪಸ್ ಕೊಟ್ಟುಬಿಡಿ. ಅಂಚು ಬೆಳಕಿಗೆ ಹಿಡಿದು ನೋಡುವವರು ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ, ಅವರೇನೂ ಅಂದುಕೊಳ್ಳುವುದಿಲ್ಲ.